ಇಪ್ಪತ್ತಮೂರನೇ ಸೀಸೆ

ಜನವರಿ 6

ಅತ್ತೆಯವರಿಗೆ ನಮಸ್ಕಾರಗಳು.

ಈ ಪತ್ರದ ಜೊತೆ ಐಸ್ ತುಂಬಿದ ಪೆಟ್ಟಿಗೆ, ಇಪ್ಪತ್ತೆರಡು ಸಣ್ಣ ಗಾಜಿನ ಸೀಸೆಗಳು, ಅಂಟಿಸುವ ಚೀಟಿಗಳು ಮತ್ತು ಒಂದು ನಮೂನೆ ಕಳಿಸಿದ್ದೇನೆ. ನಮ್ಮ ಕೇಂದ್ರದಿಂದ ಈ ವರ್ಷ ನಲವತ್ತು ಕೊಟ್ಟಿಗೆಗಳ ಆಡುಗಳನ್ನು ಪರೀಕ್ಷಿಸುತ್ತಿದ್ದೇವೆ. ಗಬ್ಬದ ಆಡು ತಿಂಗಳು ತುಂಬುವ ಮೊದಲೇ ಕಂದು ಹಾಕುವ ಒಂದು ರೋಗ ಇದೆ. ಅದು ಎಲ್ಲೆಲ್ಲಿದೆ, ಯಾವ ಕೊಟ್ಟಿಗೆಗೆ ಅಪಾಯ ಹೆಚ್ಚು ಎಂದು ತಿಳಿಯುವುದು ನಮ್ಮ ಉದ್ದೇಶ.

ಕಂದು ಹಾಕಿದಾಗ ಬರಿಗೈಯಲ್ಲಿ ಮುಟ್ಟಿದವರಿಗೆ, ಹಸಿ ಹಾಲು ಕುಡಿದವರಿಗೆ ಈ ರೋಗ ಅಂಟುತ್ತದೆ. ಗರ್ಭಿಣಿಯರಿಗೆ ಅಂಟಿದರೆ ಮಗು ಉಳಿಯದೆ ಹೋಗಬಹುದು. ನಿಮ್ಮ ಮಗಳಿಗೆ ಈಗ ನಾಲ್ಕು ತಿಂಗಳು ತುಂಬಿದೆ. ಏಪ್ರಿಲ್ ಮೂರಕ್ಕೆ ನಿಮ್ಮಲ್ಲಿಗೆ ಬಂದು ಹೆರಿಗೆಯವರೆಗೂ ಇರಬೇಕೆಂದು ಹಟ ಹಿಡಿದಿದ್ದಾಳೆ. ಅದಕ್ಕಾಗಿಯೇ ನಿಮ್ಮ ಕೊಟ್ಟಿಗೆಯನ್ನೂ ಪಟ್ಟಿಗೆ ಸೇರಿಸಿದ್ದೇನೆ. ರಕ್ತ ತೆಗೆಯಲು ನಿಮ್ಮೂರ ಪಶು ಆಸ್ಪತ್ರೆಯ ಕಾಂಪೌಂಡರ್‌ಗೆ ತಿಳಿಸಿದ್ದೇನೆ.

ಪೆಟ್ಟಿಗೆ ಬಸ್ಸಿನಲ್ಲಿ ನೇರ ಲ್ಯಾಬಿಗೆ ಬರುತ್ತದೆ. ಈ ವಿಷಯ ಏನಿದ್ದರೂ ಅದರೊಳಗೆ ಚೀಟಿ ಇಟ್ಟು ತಿಳಿಸಿ. ಮನೆಯ ಫೋನನ್ನು ನಿಮ್ಮ ಮಗಳೇ ಎತ್ತುತ್ತಾಳೆ, ಸುಮ್ಮನೆ ಹೆದರುತ್ತಾಳೆ.

ಇಂತಿ ನಿಮ್ಮ ಅಳಿಯ


ಜನವರಿ 14

ಅಳಿಯಂದಿರಿಗೆ ಆಶೀರ್ವಾದಗಳು.

ನಿಮ್ಮ ಪತ್ರವನ್ನು ಮಾವ ಎದ್ದು ನಿಂತು ಓದಿದರು. "ನಗರಸಭೆ ನೋಟೀಸು ಬಂದ ಹಾಗಿದೆ ಕಣೆ, ಕೂತು ಓದಿದ್ರೆ ತಪ್ಪಾದೀತು" ಅಂದರು. ನೀವು ಅಳಿಯನಾಗಿ ಮೂರು ವರ್ಷವಾಯಿತು, ಇನ್ನೂ ಅತ್ತೆಗೆ ಉದ್ದೇಶ, ನಮೂನೆ ಅಂತ ಬರೆಯುತ್ತೀರಲ್ಲ. ನಿಮ್ಮ ಹೆಂಡತಿಗೂ ಹೀಗೇ ಬರೆಯುತ್ತಿದ್ದಿರಾ? ಪಾಪ, ಅವಳು ಆದರೂ ಒಪ್ಪಿದಳು.

ಕಾಂಪೌಂಡರ್ ಬಂದು ರಕ್ತ ತೆಗೆದುಕೊಟ್ಟ. ಅವನ ಕನ್ನಡಕ ಎಷ್ಟು ದಪ್ಪ ಅಂದರೆ ಆಡು ಯಾವುದು ನಾನು ಯಾವುದು ಅಂತ ಗೊತ್ತಾಗುವುದೇ ಕಷ್ಟ. ಒಂದೊಂದನ್ನೂ ನಾನೇ ಹಿಡಿದು ತಂದು ನಿಲ್ಲಿಸಿದೆ, ಚೀಟಿಯನ್ನೂ ನಾನೇ ಅಂಟಿಸಿದೆ. ಸೊಟ್ಟಕಿವಿ ಮಾತ್ರ ಕಮಕ್ ಕಿಮಕ್ ಅನ್ನದೆ ನಿಂತಿತು. ಮೇಡಂ ಅಂತ ಒಂದಿದೆ, ಹೆಡ್‌ಮಿಸ್ ಹಾಗೆ ನಡೆಯುತ್ತದೆ. ಬೊಬ್ಬೆಯ ಹೆಸರೇ ಅದರ ಗುಣ ಹೇಳುತ್ತದೆ. ಚುಕ್ಕಿಗೆ ಹಣೆಯ ಮೇಲೆ ಬಿಳಿ ಮಚ್ಚೆ.

ನಮೂನೆ ತುಂಬಿದ್ದೇನೆ. ಕಂದು ಹಾಕಿದ್ದು ಎಷ್ಟು ಅಂತ ಒಂದು ಕಡೆ ಕೇಳಿದ್ದೀರಿ. ಅಲ್ಲಿ ಸೊನ್ನೆ.

ರಸ್ತೆ ಕಡೆಯ ಕೋಣೆಗೆ ಬಣ್ಣ ಹೊಡೆಸುತ್ತಿದ್ದೇನೆ. ಅವಳು ಹೈಸ್ಕೂಲಿನಲ್ಲಿದ್ದಾಗ ಗೋಡೆ ಮೇಲೆ ಬರೆದ ಲೆಕ್ಕಗಳನ್ನು ಮಾತ್ರ ಅಳಿಸಬೇಡ ಅಂತ ಬಣ್ಣದವನಿಗೆ ಹೇಳಿದ್ದೇನೆ. ಎಲ್ಲವೂ ತಪ್ಪು ಲೆಕ್ಕ, ಆದರೂ ಇರಲಿ. ಮಾವ ಹಳೆಯ ಹೊಲಿಗೆ ಯಂತ್ರದ ಪೆಡಲಿಗೆ ತೊಟ್ಟಿಲು ಜೋಡಿಸುತ್ತಿದ್ದಾರೆ. ಕಾಲಲ್ಲಿ ತುಳಿದರೆ ತಾನೇ ತೂಗಬೇಕಂತೆ. ಜೀವಮಾನವಿಡೀ ಹೊಲಿಗೆ ಯಂತ್ರ ರಿಪೇರಿ ಮಾಡಿದವರ ತಲೆಗೆ ಇನ್ನೇನು ಹೊಳೆಯಬೇಕು.

ಅವಳು ಬರುತ್ತಾಳೆ ಅನ್ನುವುದೊಂದೇ ಈಗ ಈ ಮನೆಯ ಮಾತು.

ನಿಮ್ಮ ಅತ್ತೆ


ಫೆಬ್ರವರಿ 2

ಪ್ರೀತಿಯ ಅತ್ತೆಯವರಿಗೆ,

ಇದು ನೋಟೀಸಲ್ಲ. ಮಾವ ದಯವಿಟ್ಟು ಕೂತೇ ಓದಲಿ.

ಫಲಿತಾಂಶ ಬಂತು. ನಿಮ್ಮ ಇಪ್ಪತ್ತೆರಡು ಸೀಸೆಗಳಲ್ಲಿ ಒಂದರಲ್ಲೂ ರೋಗದ ಸುಳಿವಿಲ್ಲ. ನಲವತ್ತು ಕೊಟ್ಟಿಗೆಗಳಲ್ಲಿ ಹದಿನೇಳಕ್ಕೆ ರೋಗ ಹತ್ತಿದೆ, ನಿಮ್ಮ ಅಕ್ಕಪಕ್ಕದ ಐದರಲ್ಲೂ ಇದೆ, ನಿಮ್ಮದರಲ್ಲಿ ಇಲ್ಲ. ನಮ್ಮ ನಿರ್ದೇಶಕರೆದುರು ಇದನ್ನು ಹೇಳುವಾಗ ಆ ಆಡುಗಳನ್ನು ನಾನೇ ಸಾಕಿದ ಹಾಗೆ ಎದೆಯುಬ್ಬಿಸಿಕೊಂಡು ಹೇಳಿದೆ.

ಒಂದೇ ಒಂದು ವಿಚಿತ್ರ. ಅದೇ ರಕ್ತದಲ್ಲಿ ಗಬ್ಬ ನಿಂತಿದೆಯೋ ಇಲ್ಲವೋ ಎಂದು ತಿಳಿಸುವ ಇನ್ನೊಂದು ಪರೀಕ್ಷೆಯನ್ನೂ ಮಾಡುತ್ತೇವೆ. ಅದರಲ್ಲಿ 4, 9, 15, 20ನೇ ಸೀಸೆಗಳ ಅಂಕಿ ಒಂದಕ್ಕೊಂದು ತೀರಾ ಹತ್ತಿರ ಬಂದಿದೆ. ಅವಳಿ ಆಡುಗಳದ್ದೂ ಇಷ್ಟು ಹೋಲುವುದಿಲ್ಲ. ನಾಲ್ಕೂ ಒಂದೇ ಆಡಿನ ರಕ್ತವೇನೋ ಅನ್ನುವಷ್ಟು. ಯಂತ್ರ ಕೆಟ್ಟಿರಬೇಕು, ಬಿಚ್ಚಿಸಿ ನೋಡಿಸುತ್ತಿದ್ದೇನೆ.

ಇನ್ನೊಂದು ಮಾತು ಕೇಳಬೇಕಿತ್ತು. ನಿಮ್ಮ ಮಗಳು ಈಚೆಗೆ ಯಾವುದಕ್ಕೆ ಅಳುತ್ತಾಳೆ ಅಂತ ಗೊತ್ತಾಗುವುದಿಲ್ಲ. ಮೊನ್ನೆ ನನ್ನ ಚಪ್ಪಲಿ ಬಾಗಿಲಲ್ಲಿ ಒಂಟಿಯಾಗಿ ಬಿದ್ದಿದೆ ಅಂತ ಅತ್ತಳು. ಇನ್ನೊಂದು ಚಪ್ಪಲಿ ತಂದು ಪಕ್ಕದಲ್ಲಿಟ್ಟೆ, ಅದಕ್ಕೆ ಇನ್ನೂ ಅತ್ತಳು. ಆಡಾಗಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು.

ನಿಮ್ಮ ಅಳಿಯ


ಫೆಬ್ರವರಿ 11

ಅಳಿಯಂದಿರೇ,

ಅವಳು ಅತ್ತರೆ ಕಾರಣ ಹುಡುಕಲು ಹೋಗಬೇಡಿ. ಪಕ್ಕದಲ್ಲಿ ಕೂತು ಅವಳ ಪಾದ ಒತ್ತಿ. ಬುದ್ಧಿಮಾತು ಬೇಡ. ನೀವು ಬಾಯಿ ತೆರೆದರೆ ಅಂಕಿ ಅಂಶ ಬರುತ್ತದೆ.

ನೀವು ಮೊದಲ ಸಲ ನಮ್ಮ ಮನೆಗೆ ಬಂದ ದಿನ ನೆನಪಿದೆಯಾ? ನಾನು ಹೊಸ ಹಾಸು ಹಾಸಿ ಕಾಯುತ್ತಿದ್ದೆ. ನೀವು ಸೀದಾ ಕೊಟ್ಟಿಗೆಗೆ ಹೋಗಿ ಬೊಬ್ಬೆಯ ಬಾಯಿ ಬಿಡಿಸಿ ಹಲ್ಲು ನೋಡುತ್ತಾ ಒಂದು ಗಂಟೆ ಕೂತಿರಿ. ಒಳಗೆ ಬಂದಾಗ ಮೊಣಕಾಲೆಲ್ಲ ಹಿಕ್ಕೆ. ನಾನು ಅಡುಗೆಮನೆಯಲ್ಲಿ ಮಗಳಿಗೆ "ಇವನು ಬೇಡ" ಅಂದಿದ್ದೆ. ಅವಳು "ಅಮ್ಮಾ, ನೀನು ಬಯ್ಯೋದನ್ನ ಮುಗಿಸು, ಆಮೇಲೆ ಕಾಫಿ ಕೊಡ್ತೀನಿ" ಅಂದಳು. ಈಗ ಅನ್ನಿಸುತ್ತದೆ, ಅವಳ ಕಣ್ಣೇ ಸರಿ ಇತ್ತು.

ಯಂತ್ರಕ್ಕೂ ಒಂದೊಂದು ದಿನ ತಲೆ ಕೆಡುತ್ತದೆ. ಅದನ್ನು ಅಷ್ಟಕ್ಕೇ ಬಿಡಿ. ಕೋಣೆಗೆ ಬಣ್ಣ ಆಯಿತು. ಕಿಟಕಿಗೆ ಪರದೆ ಹೊಲಿಯುತ್ತಿದ್ದೇನೆ, ಎರಡು ಹೊಲಿಗೆ ಹಾಕುವಷ್ಟರಲ್ಲಿ ಕೈಗಂಟು ಹಿಡಿದುಕೊಳ್ಳುತ್ತದೆ. ವಯಸ್ಸು.

ನಿಮ್ಮ ಅತ್ತೆ

ಅಳಿಯಂದಿರೇ, ನಾನು ಮಾವ. ಪೆಟ್ಟಿಗೆ ಮುಚ್ಚುವ ಮೊದಲು ಇದನ್ನು ಸೇರಿಸುತ್ತಿದ್ದೇನೆ, ಇವಳಿಗೆ ಗೊತ್ತಿಲ್ಲ. ಸಂಜೆಯಾದರೆ ಇವಳಿಗೆ ಚಳಿ ಹತ್ತಿ ಜ್ವರ ಬರುತ್ತದೆ, ಬೆಳಿಗ್ಗೆ ಬೆವತು ಬಿಡುತ್ತದೆ. ಎರಡು ತಿಂಗಳಾಯಿತು. ಡಾಕ್ಟರ ಹತ್ತಿರ ಬಾ ಅಂದರೆ ಪರದೆ ಹೊಲಿಯಬೇಕು ಅನ್ನುತ್ತಾಳೆ. ನೀವೊಂದು ಮಾತು ಹೇಳಿ.


ಫೆಬ್ರವರಿ 27

ಪ್ರೀತಿಯ ಅತ್ತೆಯವರಿಗೆ,

ಪಾದ ಒತ್ತಿದೆ. ಅಳು ನಿಂತಿತು, ನಿದ್ದೆ ಬಂತು. ನನ್ನ ಪ್ರಬಂಧಗಳಿಗಿಂತ ನಿಮ್ಮ ಒಂದು ಸಾಲಿಗೆ ಹೆಚ್ಚು ಬೆಲೆ ಅಂತ ನಿಮ್ಮ ಮಗಳ ತೀರ್ಪು.

ನಿಮ್ಮ ಜ್ವರದ ವಿಷಯ ಮಾವ ಬರೆದಿದ್ದರು, ಅವರನ್ನು ಬಯ್ಯಬೇಡಿ. ನಿಮ್ಮ ಕೊಟ್ಟಿಗೆಯ ಫಲಿತಾಂಶ ನನ್ನ ಕೈಯಲ್ಲಿ ಇಲ್ಲದಿದ್ದರೆ ನಾನು ಗಾಬರಿಯಾಗುತ್ತಿದ್ದೆ. ಸಂಜೆ ಜ್ವರ, ಬೆವರು, ಕೀಲು ನೋವು, ಆ ರೋಗದ ಲಕ್ಷಣ ಹೀಗೇ ಇರುತ್ತದೆ. ಆದರೆ ನಿಮ್ಮ ಆಡುಗಳಲ್ಲಿ ಇಲ್ಲದ ರೋಗ ನಿಮಗೆ ಬರುವ ದಾರಿಯೇ ಇಲ್ಲ. ಬಣ್ಣ, ಪರದೆ, ತೊಟ್ಟಿಲು ಅಂತ ದಣಿದಿದ್ದೀರಿ. ಒಂದು ವಾರ ಕಾಲು ಚಾಚಿ ಕೂರಿ.

ಇಲ್ಲಿ ಒಂದು ಬೇಸರದ ಸಂಗತಿ ನಡೆಯಿತು. ಯಂತ್ರ ಸರಿಯಾಗಿಯೇ ಇತ್ತು. ಅಂದಮೇಲೆ ತಪ್ಪು ಕೈಯದ್ದು. ಆ ಸೀಸೆಗಳನ್ನು ಯಂತ್ರಕ್ಕೆ ಹಾಕಿದವರು ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್, ಎಲ್ಲರೂ ದೊಡ್ಡಕ್ಕ ಅನ್ನುತ್ತೇವೆ, ಹತ್ತೊಂಬತ್ತು ವರ್ಷದ ಸರ್ವಿಸು. ಒಂದೇ ಸೀಸೆಯನ್ನು ನಾಲ್ಕು ಸಲ ಹಾಕಿದ್ದೀರಿ ಅಂದೆ. "ಬಂದದ್ದನ್ನ ಬಂದ ಹಾಗೆ ಹಾಕಿದ್ದೀನಿ ಸಾರ್. ರಕ್ತ ಸುಳ್ಳು ಹೇಳಲ್ಲ, ಕಳಿಸಿದೋರನ್ನ ಕೇಳಿ" ಅಂದರು. ಕಳಿಸಿದವರು ನಮ್ಮ ಅತ್ತೆ ಅಂತ ನನಗೆ ರೇಗಿಬಿಟ್ಟಿತು. ಅವರನ್ನು ಸೀಸೆ ತೊಳೆಯುವ ಕೋಣೆಗೆ ಹಾಕಿಸಿದ್ದೇನೆ. ಈಗ ಕಾರಿಡಾರಿನಲ್ಲಿ ಎದುರಾದರೆ ಗೋಡೆ ಕಡೆ ಸರಿದು ನಿಲ್ಲುತ್ತಾರೆ.

ನಿನ್ನೆ ಹೆರಿಗೆ ಡಾಕ್ಟರು ಕೇಳಿದರು, ತಾಯಿ ಮನೆಯಲ್ಲಿ ಆಡು ಸಾಕಿದ್ದಾರಂತಲ್ಲ, ಅಪಾಯ ಇಲ್ಲವಾ ಅಂತ. ನಾನೇ ಪರೀಕ್ಷೆ ಮಾಡಿದ್ದೇನೆ, ನನಗಿಂತ ಅವು ಶುಚಿ ಅಂದೆ. ನನ್ನ ಮಾತಿನ ಮೇಲೆ ಒಪ್ಪಿದರು. ಏಪ್ರಿಲ್ ಮೂರರ ಟಿಕೆಟ್ ತೆಗೆಸಿದ್ದೇನೆ.

ನಿಮ್ಮ ಅಳಿಯ


ಮಾರ್ಚ್ 9

ಅಳಿಯಂದಿರಿಗೆ,

ಅವಳನ್ನು ಕಳಿಸಬೇಡಿ. ಕೋಣೆಯ ಬಣ್ಣದ ವಾಸನೆ ಹೋಗಿಲ್ಲ. ಮಾವನಿಗೂ ಸೊಂಟ ಹಿಡಿದಿದೆ, ನನ್ನ ಕೈಯಲ್ಲಿ ಎಲ್ಲ ಆಗುವುದಿಲ್ಲ. ಹೆರಿಗೆ ಅಲ್ಲೇ ಆಗಲಿ. ಟಿಕೆಟ್ ವಾಪಸ್ ಮಾಡಿ.

ಅತ್ತೆ


ಮಾರ್ಚ್ 13

ಅತ್ತೆಯವರಿಗೆ,

ನಿಮ್ಮ ಐದು ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ನಾನು ಏನೋ ತಪ್ಪು ಮಾಡಿದ್ದೇನೆ, ಯಾವುದು ಅಂತ ತಿಳಿಯುತ್ತಿಲ್ಲ. ಜ್ವರದ ವಿಷಯವನ್ನು ಹಗುರವಾಗಿ ಬರೆದೆ ಅಂತಲೇ? ಅಥವಾ ನಿಮ್ಮ ಮಗಳನ್ನು ನಾನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತ ಸಿಟ್ಟೇ? ಸಿಟ್ಟಿದ್ದರೆ ನನಗೆ ಬೈದು ಬರೆಯಿರಿ, ಅವಳಿಗೆ ಬಾಗಿಲು ಹಾಕಬೇಡಿ. ಅವಳು ಬಟ್ಟೆ ಪೆಟ್ಟಿಗೆ ಕಟ್ಟಿಟ್ಟು ದಿನಾ ಬಿಚ್ಚಿ ದಿನಾ ಕಟ್ಟುತ್ತಿದ್ದಾಳೆ. ನಿಮ್ಮ ಪತ್ರದ ವಿಷಯ ಅವಳಿಗಿನ್ನೂ ಹೇಳಿಲ್ಲ.

ನಾನು ನಿಮಗೆ ಯಾವತ್ತೂ ಹೇಳದ ಒಂದು ಮಾತು. ನನಗೆ ಆರು ವರ್ಷವಿದ್ದಾಗ ಅಮ್ಮ ಹೋದಳು. ಆಮೇಲೆ ಬೆಳೆದದ್ದೆಲ್ಲ ಹಾಸ್ಟೆಲಿನಲ್ಲಿ. ಬೇರೆ ಹುಡುಗರಿಗೆ ಮನೆಯಿಂದ ಕಾಗದ ಬರುತ್ತಿದ್ದವು, ನಾನು ಅವರ ಭುಜದ ಮೇಲಿಂದ ಬಗ್ಗಿ ಓದುತ್ತಿದ್ದೆ. ಈಗ ಈ ವಯಸ್ಸಿನಲ್ಲಿ ಬೈಗುಳವೂ ತಮಾಷೆಯೂ ತುಂಬಿದ ಕಾಗದ ನನ್ನ ಹೆಸರಿಗೇ ಬರುತ್ತಿತ್ತು. ಬಸ್ ಬರುವ ದಿನ ನಾನೇ ನಿಲ್ದಾಣಕ್ಕೆ ಹೋಗಿ ಪೆಟ್ಟಿಗೆ ಇಳಿಸಿಕೊಳ್ಳುತ್ತಿದ್ದೆ. ಮೊದಲ ಸಲವೂ ರಕ್ತಕ್ಕಿಂತ ಮೊದಲು ಕಾಗದ ತೆಗೆದೆ.

ಪೆಟ್ಟಿಗೆಯನ್ನು ಖಾಲಿಯಾಗಿಯೇ ಕಳಿಸುತ್ತಿದ್ದೇನೆ. ಅದು ವಾಪಸ್ ಬರುವಾಗ ನಿಮ್ಮ ಉತ್ತರ ಇಲ್ಲದಿದ್ದರೆ, ಮುಂದಿನ ಭಾನುವಾರ ಅವಳನ್ನು ಕರೆದುಕೊಂಡು ನಾನೇ ಬಂದು ನಿಮ್ಮ ಬಾಗಿಲಲ್ಲಿ ನಿಲ್ಲುತ್ತೇನೆ.

ನಿಮ್ಮ ಅಳಿಯ


ಮಾರ್ಚ್ 16

ಅಳಿಯಂದಿರೇ,

ಬರಬೇಡಿ. ಇದನ್ನು ಪೂರ್ತಿ ಓದಿ, ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನಿ.

4ನೇ ಸೀಸೆ ಸೊಟ್ಟಕಿವಿಯದ್ದು. 9, 15, 20 ಕೂಡ ಸೊಟ್ಟಕಿವಿಯದ್ದೇ. ನಾನೇ ಅದನ್ನು ಹಿತ್ತಲಿನಿಂದ ಸುತ್ತಿಸಿ, ಪ್ರತಿ ಸಲ ಬೇರೆ ಬಣ್ಣದ ಹಗ್ಗ ಕಟ್ಟಿ ಕಾಂಪೌಂಡರ್ ಮುಂದೆ ನಿಲ್ಲಿಸಿದೆ. ನಾಲ್ಕನೇ ಸಲ ಅದು ನನ್ನ ಮುಖವನ್ನೇ ನೋಡಿತು. ಮೇಡಂ, ಚುಕ್ಕಿ, ಬೊಬ್ಬೆ ಮೂರನ್ನೂ ಆ ದಿನ ಮಾವನ ರಿಪೇರಿ ಶೆಡ್ಡಿನಲ್ಲಿ ಕಟ್ಟಿ ಹಾಕಿದ್ದೆ. ಬೊಬ್ಬೆಯ ಕೂಗು ಹೊರಗೆ ಕೇಳದಿರಲಿ ಅಂತ ಮಾವನಿಗೆ ಹೊಲಿಗೆ ಯಂತ್ರ ಓಡಿಸುತ್ತಾ ಇರಿ ಅಂದಿದ್ದೆ. ಅವರಿಗೆ ಇಷ್ಟವಿರಲಿಲ್ಲ, ನಾನೇ ಅವರ ಬಾಯಿ ಕಟ್ಟಿದ್ದೆ.

ಅಕ್ಟೋಬರಿನಲ್ಲಿ ಮೇಡಂ ಕಂದು ಹಾಕಿತು. ನವೆಂಬರಿನಲ್ಲಿ ಚುಕ್ಕಿ. ಡಿಸೆಂಬರಿನಲ್ಲಿ ಬೊಬ್ಬೆ, ಅದರದ್ದು ಎರಡು ಮರಿ, ಕೂದಲು ಕೂಡ ಬಂದಿತ್ತು. ಸತ್ತ ಮರಿಗಳನ್ನೆಲ್ಲ ಬರಿಗೈಯಲ್ಲೇ ಎತ್ತಿದೆ. ಹುಟ್ಟಿದಾಗ ಬರಿಗೈಯಲ್ಲಿ ಎತ್ತಿಕೊಂಡವಳು ಸತ್ತಾಗ ಏನು ಹಾಕಿಕೊಳ್ಳಲಿ ಅನಿಸಿತ್ತು. ಆಮೇಲೆ ನಿಮ್ಮ ಪತ್ರ ಬಂತು. ಗರ್ಭಿಣಿಯರಿಗೆ ಅಂಟಿದರೆ ಅಂತ ಬರೆದ ಸಾಲು ಓದಿದೆ. ನಿಜ ಬರೆದರೆ ಅವಳನ್ನು ನೀವು ಕಳಿಸುವುದಿಲ್ಲ ಅಂತ ಮಾತ್ರ ನನಗೆ ಗೊತ್ತಾಯಿತು. ಮದುವೆಯಾದ ಮೇಲೆ ಅವಳು ಒಂದು ವಾರಕ್ಕಿಂತ ಹೆಚ್ಚು ನಮ್ಮ ಜೊತೆ ಇದ್ದಿಲ್ಲ. ಅವಳು ಬರಲಿ, ಆ ಮೂರನ್ನು ದೂರ ಕಟ್ಟಿದರಾಯಿತು, ನಾನು ಕೈ ತೊಳೆದರಾಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಮೊಮ್ಮಗುವಿನ ಆಸೆಯಲ್ಲಿ ಮೊಮ್ಮಗುವನ್ನೇ ಪಣಕ್ಕಿಟ್ಟೆ. ಬೇರೆಯವರು ಹೀಗೆ ಮಾಡಿದ್ದರೆ ನಾನು ಅವರ ಮುಖ ನೋಡುತ್ತಿರಲಿಲ್ಲ.

ಜ್ವರ ಡಿಸೆಂಬರಿನಿಂದಲೇ ಇದೆ. ನೀವು ಲಕ್ಷಣ ಬರೆದಾಗ ಒಂದೊಂದೂ ನನ್ನದೇ ಅಂತ ಗೊತ್ತಾಯಿತು. ನೀವು ಡಾಕ್ಟರಿಗೆ ನನ್ನ ಸುಳ್ಳನ್ನು ನಿಮ್ಮ ಮಾತಾಗಿ ಕೊಟ್ಟಿದ್ದೀರಿ, ಆ ದೊಡ್ಡಕ್ಕ ನನ್ನ ಸುಳ್ಳಿಗೆ ಸೀಸೆ ತೊಳೆಯುತ್ತಿದ್ದಾರೆ. ಆದರೂ ಒಂಬತ್ತನೇ ತಾರೀಕು ಬಣ್ಣದ ವಾಸನೆ ಅಂತ ಇನ್ನೊಂದು ಸುಳ್ಳೇ ಬರೆದೆ. ನಿಮ್ಮ ಹಾಸ್ಟೆಲಿನ ಮಾತು ಓದಿದ ಮೇಲೆ ಇನ್ನೂ ಸುಳ್ಳು ಬರೆಯಲು ನನ್ನಿಂದ ಆಗಲಿಲ್ಲ. ನೀವು ಏನೂ ತಪ್ಪು ಮಾಡಿಲ್ಲ. ನನ್ನ ಮೇಲೆ ನಂಬಿಕೆ ಇಟ್ಟಿರಿ ಅಷ್ಟೇ.

ಪೆಟ್ಟಿಗೆಯಲ್ಲಿ ನಾಲ್ಕು ಸೀಸೆ ಇದೆ, ಕಾಂಪೌಂಡರ್ ಹತ್ತಿರ ಕೇಳಿ ತೆಗೆದುಕೊಂಡದ್ದು. 9 ಮೇಡಂ, 15 ಚುಕ್ಕಿ, 20 ಬೊಬ್ಬೆ, ಈ ಸಲ ನಿಜವಾಗಿ. ನಾಲ್ಕನೆಯದಕ್ಕೆ ನಿಮ್ಮ ನಮೂನೆಯಲ್ಲಿ ಅಂಕಿ ಇರಲಿಲ್ಲ, ಕಾಗದ ಹರಿದು 23 ಅಂತ ಬರೆದು ಅಂಟಿಸಿದ್ದೇನೆ. ಅದು ನನ್ನದು. ಕಾಂಪೌಂಡರ್ "ಅಮ್ಮಾ, ನನಗೆ ನಾಲ್ಕು ಕಾಲಿನೋರಿಗೆ ಮಾತ್ರ ಸೂಜಿ ಹಾಕೋ ಅಧಿಕಾರ ಇರೋದು" ಅಂದ. ಎರಡು ಕೈ ಎರಡು ಕಾಲು ಸೇರಿಸಿ ಎಣಿಸಿಕೋ ಅಂದೆ.

ದೊಡ್ಡಕ್ಕನಿಗೆ ನನ್ನ ಪರವಾಗಿ ಕೈಮುಗಿಯಿರಿ.

ಅತ್ತೆ


ಮಾರ್ಚ್ 20

ಅತ್ತೆ,

ಬೆಳಿಗ್ಗೆ ಸೀಸೆ ತೊಳೆಯುವ ಕೋಣೆಗೆ ಹೋಗಿ ಎಲ್ಲರೆದುರು ದೊಡ್ಡಕ್ಕನ ಕ್ಷಮೆ ಕೇಳಿದೆ. ಅವರು ಕೈ ಒರೆಸಿಕೊಂಡು, "ಅದಿರಲಿ, ಸೀಸೆ ಎಲ್ಲಿ ಸಾರ್" ಅಂದರು. ನಾಲ್ಕನ್ನೂ ಅವರೇ ಪರೀಕ್ಷೆ ಮಾಡಿದರು. 23 ಯಾರದ್ದು ಅಂತ ಕೇಳಿದರು, ಹೇಳಿದೆ. ಅಷ್ಟು ಹೊತ್ತು ಮುಖ ಗಂಟು ಹಾಕಿಕೊಂಡಿದ್ದವರು ಒಂದು ಕುರ್ಚಿ ಎಳೆದು ನನ್ನನ್ನು ಕೂರಿಸಿದರು.

ನಾಲ್ಕರಲ್ಲೂ ರೋಗ ಇದೆ. ನಿಮ್ಮದರಲ್ಲೂ.

ನನಗೆ ಸಿಟ್ಟು ಬಂದಿದೆ, ಬಂದಿಲ್ಲ ಅಂದರೆ ಸುಳ್ಳಾಗುತ್ತದೆ. ಇನ್ನು ಹದಿನೈದು ದಿನದಲ್ಲಿ ಅವಳನ್ನು ನಾನೇ ಕೈಹಿಡಿದು ಆ ಕೊಟ್ಟಿಗೆಗೆ ಇಳಿಸುತ್ತಿದ್ದೆ. ನನ್ನ ಮೇಲೂ ಸಿಟ್ಟಿದೆ. ನಾಲ್ಕೂ ಒಂದೇ ಆಡಿನ ರಕ್ತದ ಹಾಗಿದೆ ಅಂತ ನಾನೇ ಬರೆದೆ, ಬರೆದು ಯಂತ್ರ ಬಿಚ್ಚಿಸಿದೆ. ಬೇರೆ ಯಾವ ಕೊಟ್ಟಿಗೆಯದ್ದಾಗಿದ್ದರೂ ಅವತ್ತೇ ಹಿಡಿಯುತ್ತಿದ್ದೆ.

ಈಗ ಮಾಡಬೇಕಾದ್ದು. ಇದು ವಾಸಿಯಾಗುವ ರೋಗ. ಒಂದು ದಿನವೂ ತಪ್ಪಿಸದೆ ಆರು ವಾರ ಮಾತ್ರೆ, ಮೊದಲು ಕೆಲವು ದಿನ ಸೂಜಿ. ನಿಮ್ಮ ರಕ್ತದಲ್ಲಿ ಸ್ವಲ್ಪ ಇಲ್ಲಿನ ದೊಡ್ಡಾಸ್ಪತ್ರೆಗೂ ಕೊಟ್ಟಿದ್ದೆ, ಅವರೂ ಅದನ್ನೇ ಹೇಳಿದರು. ಅವರ ಚೀಟಿಯನ್ನು ನಿಮ್ಮೂರ ಡಾಕ್ಟರಿಗೆ ತೋರಿಸಿ. ಮಾವನಿಗೂ ಪರೀಕ್ಷೆ ಮಾಡಿಸಿ. ಹಾಲು ಮಾರುವುದು ಇವತ್ತೇ ನಿಲ್ಲಲಿ. ಆ ಮೂರು ಆಡುಗಳನ್ನು ಮಾರುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ. ಉಳಿಸುವ ಹಾಗೂ ಇಲ್ಲ. ಇದನ್ನು ಬರೆಯಲು ನನಗೆಷ್ಟು ಕಷ್ಟ ಅಂತ ನಿಮಗೆ ಗೊತ್ತು. ಬೊಬ್ಬೆಯ ಹಲ್ಲು ನೋಡಿದ್ದು ನಾನೇ ಅಲ್ಲವೇ.

ಇನ್ನೊಂದು. ಇದು ಪಕ್ಕದಲ್ಲಿ ಕೂತರೆ ಅಂಟುವ ರೋಗವಲ್ಲ. ಅವಳು ಆ ಕೊಟ್ಟಿಗೆಗೆ ಬರುವ ಹಾಗಿಲ್ಲ, ಆದರೆ ನೀವು ಇಲ್ಲಿಗೆ ಬರಬಹುದು. ಬನ್ನಿ. ನಾಳೆಯೇ ಹೊರಟರೂ ಸರಿ.

ಅವಳಿಗೆ ಏನು ಹೇಳಲಿ?


ಮಾರ್ಚ್ 24

ಅಳಿಯಂದಿರೇ,

ಮಾತ್ರೆ ಮುಗಿಯುವವರೆಗೆ ನಾನು ಬರುವುದಿಲ್ಲ. ಅಂಟುವುದಿಲ್ಲ ಅಂತ ನೀವು ಹೇಳುತ್ತೀರಿ, ನಂಬುತ್ತೇನೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ.

ಅವಳಿಗೆ ಮಾವನ ಸೊಂಟ ಅಂತಲೇ ಹೇಳಿ. ನಿಜ ಗೊತ್ತಾದರೆ ಹೊಟ್ಟೆ ಹೊತ್ತುಕೊಂಡು ಮೊದಲ ಬಸ್ಸಿಗೇ ಓಡಿ ಬರುತ್ತಾಳೆ, ನಿಮ್ಮ ಕೈಲಿ ಹಿಡಿಯಲಾಗುವುದಿಲ್ಲ. ನನ್ನ ಮೇಲೆ ಮುನಿಸಿಕೊಳ್ಳಲಿ. ಮುನಿಸಿಕೊಂಡರೆ ಅಲ್ಲೇ ಇರುತ್ತಾಳಲ್ಲ.

ಮಾವನ ರಕ್ತದಲ್ಲಿ ಏನೂ ಇಲ್ಲ. ಅವರು ಹಸಿ ಹಾಲು ಕುಡಿಯುವವರಲ್ಲ, ಕೊಟ್ಟಿಗೆ ಕೆಲಸವನ್ನೂ ಮಾಡಿದವರಲ್ಲ. ಸೋಮಾರಿತನ ಕಾಪಾಡಿತು ಅಂತ ಮೀಸೆ ತಿರುವುತ್ತಿದ್ದಾರೆ.

ಅತ್ತೆ


ಏಪ್ರಿಲ್ 12

ಅತ್ತೆ,

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಮಾವನಿಗೆ ಯಾವ ಕಡೆ ಸೊಂಟ ಅಂತ ಅವಳು ಕೇಳಿದಳು, ಎಡಗಡೆ ಅಂದೆ. ಮರುದಿನ ಕೇಳಿದಾಗ ಬಲಗಡೆ ಅಂದೆ. ಅವಳು ಮಾತು ಬಿಟ್ಟಿದ್ದಾಳೆ, ನನ್ನ ಜೊತೆ ಅರ್ಧ, ನಿಮ್ಮ ಜೊತೆ ಪೂರ್ತಿ. ನಿಮ್ಮ ಫೋನು ಬಂದರೆ ರಿಸೀವರನ್ನು ಮೇಜಿನ ಮೇಲಿಟ್ಟು ಒಳಗೆ ಹೋಗುತ್ತಾಳೆ. ಆದರೆ ಬಾಗಿಲ ಹಿಂದೆ ನಿಂತು ನಿಮ್ಮ "ಹಲೋ ಹಲೋ" ಕೇಳಿಸಿಕೊಳ್ಳುತ್ತಾಳೆ, ನಾನು ನೋಡಿದ್ದೇನೆ. ಕಟ್ಟಿದ ಬಟ್ಟೆ ಪೆಟ್ಟಿಗೆಯನ್ನು ಇನ್ನೂ ಬಿಚ್ಚಿಲ್ಲ.

ಅವಳ ರಕ್ತವನ್ನೂ ಪರೀಕ್ಷೆ ಮಾಡಿಸಿದೆ, ಏನೂ ಇಲ್ಲ. ಮಗು ಒದೆಯುತ್ತಿದೆ. ಜ್ವರ ಇಳಿಯಿತೇ? ಒಂದು ಸಾಲಾದರೂ ಬರೆಯಿರಿ. ಮೂರು ವಾರದಿಂದ ಪೆಟ್ಟಿಗೆ ಬಂದಿಲ್ಲ.


ಮೇ 4

ನನ್ನಪ್ಪಾ,

ನಿನ್ನೆಗೆ ಮಾತ್ರೆ ಮುಗಿಯಿತು. ಜ್ವರ ಬಿಟ್ಟು ಮೂರು ವಾರವಾಯಿತು. ಮತ್ತೆ ರಕ್ತ ನೋಡಿ ಡಾಕ್ಟರು ಹೋಗಿ ಬನ್ನಿ ಅಂದಿದ್ದಾರೆ. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣ ಇದೆ. ಆ ಮೂರರ ವಿಷಯ ಬರೆಯಬೇಕಿತ್ತು, ಬರೆಯಲು ಕೂತರೆ ಕಣ್ಣು ಮಂಜಾಗುತ್ತಿತ್ತು.

ಮಾರ್ಚ್ ಕೊನೆಗೆ ಸರ್ಕಾರಿ ಪಶು ಡಾಕ್ಟರು ಬಂದರು. ಗುಂಡಿ ತೋಡಿ ಸುಣ್ಣ ತರಿಸಿಟ್ಟಿದ್ದರು. ನಾನು ಒಳಗೆ ಕೂತಿದ್ದರೂ ಆಗುತ್ತಿತ್ತು, ಆದರೆ ನಾನು ಹಿಡಿಯದಿದ್ದರೆ ಬೊಬ್ಬೆ ನಿಲ್ಲುವುದಿಲ್ಲ. ಕಾಂಪೌಂಡರ್ ನನಗೂ ರಬ್ಬರ್ ಕೈಗವಸು ಕೊಟ್ಟ. ಮೇಡಂ, ಚುಕ್ಕಿ ಬೇಗ ಮುಗಿದವು. ಬೊಬ್ಬೆಯ ಗಲ್ಲಕ್ಕೆ ಕೈ ಕೊಟ್ಟೆ. ಅದು ಕೈಗವಸನ್ನು ಮೂಸಿ ನೋಡಿ ಹಿಂದೆ ಸರಿಯಿತು, ಯಾರೋ ಬೇರೆಯವರು ಅಂದುಕೊಂಡು. ಒಂದೇ ನಿಮಿಷ ತೆಗೆದುಬಿಡೋಣ, ನಾನೇ ಅಂತ ಅದಕ್ಕೆ ಗೊತ್ತಾಗಲಿ ಅನಿಸಿತು. ತೆಗೆಯಲಿಲ್ಲ. ಮಾತಾಡಿಸುತ್ತಾ ಹೋದೆ. ದನಿ ಕೇಳಿ ಹತ್ತಿರ ಬಂತು. ಅವತ್ತು ಮಾತ್ರ ಅದು ಕೂಗಲೇ ಇಲ್ಲ.

ಉಳಿದ ಹತ್ತೊಂಬತ್ತರ ರಕ್ತ ಆ ಪಶು ಡಾಕ್ಟರ ಕಡೆಯಿಂದ ಎರಡು ಸಲ ಹೋಗಿದೆ, ದೊಡ್ಡಕ್ಕನ ಕೈಯಲ್ಲೇ ಪಾಸಾಗಿವೆ ಅಂತ ಕೇಳಿದೆ. ನಾನು ಇಲ್ಲದಾಗ ಮಾವ ನೋಡಿಕೊಳ್ಳುತ್ತಾರೆ. ಮೊನ್ನೆ ಸೊಟ್ಟಕಿವಿ ಎರಡು ಮರಿ ಹಾಕಿತು. ಮೊಣಕೈವರೆಗೆ ಕೈಗವಸು ಹಾಕಿಕೊಂಡೇ ಎತ್ತಿದೆ. ಹಿತವಾಗಲಿಲ್ಲ, ಆದರೂ ಎತ್ತಿದೆ.

ಗುರುವಾರ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇನೆ. ಮಧ್ಯಾಹ್ನ ಎರಡಕ್ಕೆ ಬರುತ್ತದಂತೆ. ಹೊಸ ಬಟ್ಟೆ, ಹೊಸ ಚಪ್ಪಲಿ, ಕೊಟ್ಟಿಗೆಯ ಒಂದು ಹುಲ್ಲುಕಡ್ಡಿಯೂ ಜೊತೆಗಿರುವುದಿಲ್ಲ. ಹೆರಿಗೆ ಆಗಿ ಮಗು ಕತ್ತು ನಿಲ್ಲಿಸುವವರೆಗೂ ಇರುತ್ತೇನೆ, ನೀನು ಸಾಕು ಅಂದರೂ ಇರುತ್ತೇನೆ.

ನಾನು ಬರುವುದನ್ನು ಅವಳಿಗೆ ಹೇಳಬೇಡ, ಸುಮ್ಮನೆ ಬಾಗಿಲಲ್ಲಿ ನಿಂತುಬಿಡುತ್ತೇನೆ ಅಂತ ಬರೆಯಲು ಹೊರಟಿದ್ದೆ. ಬೇಡ. ಮುಚ್ಚಿಟ್ಟದ್ದು ಸಾಕಾಗಿದೆ. ಎಲ್ಲ ಹೇಳಿಬಿಡು. ಸೊಟ್ಟಕಿವಿ, ಹಗ್ಗ, ದೊಡ್ಡಕ್ಕ, ಜ್ವರ, ಒಂದನ್ನೂ ಬಿಡಬೇಡ. ನಾನು ಇಳಿಯುವಷ್ಟರಲ್ಲಿ ಅವಳ ಸಿಟ್ಟು ಮುಗಿದಿದ್ದರೆ ಒಳ್ಳೆಯದು. ಮುಗಿಯದಿದ್ದರೂ ಅವಳನ್ನೂ ನಿಲ್ದಾಣಕ್ಕೆ ಕರೆದುಕೊಂಡು ಬಾ. ನನ್ನ ಮಗಳು ಎದುರಿಗೆ ನಿಂತು ಬೈಯುವುದನ್ನು ಕೇಳಿ ಎಷ್ಟು ದಿನವಾಯಿತು.

ಅಮ್ಮ